ತಿಮಿಂಗಿಲವೂ ಕಾಣದವಳು

ನಮ್ಮ ಮನೆಯಲ್ಲಿ ನನ್ನ ಬಗ್ಗೆ ಒಂದು ಜೋಕು ಇತ್ತು. "ಅವಳಿಗೆ ತಿಮಿಂಗಿಲವೂ ಕಾಣ್ಸಲ್ಲ" ಅಂತ. ಉಪ್ಪಿನ ಡಬ್ಬಿ ಎದುರಿಗೇ ಇದ್ದು ನಾನು ಹುಡುಕಿದರೆ ಈ ಜೋಕು. ಕಾರಿನ ಕೀ ಸಿಗದಿದ್ದರೆ ಈ ಜೋಕು. ಯುಗಾದಿ ಊಟದ ದಿನ ಕೈ ತಗುಲಿ ಮಜ್ಜಿಗೆ ಲೋಟ ಉರುಳಿಸಿದಾಗಲೂ ಇದೇ ಜೋಕು. ಎಲ್ಲರೂ ನಗುತ್ತಿದ್ದರು, ನಾನೂ ಪೆದ್ದಿಯ ಹಾಗೆ ಹಲ್ಲು ಕಿರಿಯುತ್ತಿದ್ದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಕೋಪ ಒಳ್ಳೆಯದಲ್ಲ, ಬಿಪಿ ಏರುತ್ತದೆ ಅಂತ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಏರಲಿ ಬಿಡಿ.

ನಮ್ಮ ಮನೆ ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ. ಗಂಡ ಗಣಿ ಇಂಜಿನಿಯರ್. ಎರಡು ವಾರ ಉತ್ತರದ ಕೆಂಪು ಮಣ್ಣಿನಲ್ಲಿ, ಒಂದು ವಾರ ಮನೆಯಲ್ಲಿ. ನಾನು ವೆಲ್ಷ್‌ಪೂಲ್‌ನ ಒಂದು ಗೋದಾಮಿನಲ್ಲಿ ಯಾವ ಸರಕು ಯಾವ ಲಾರಿಗೆ ಹೋಗಬೇಕು ಅಂತ ನೋಡಿಕೊಳ್ಳುತ್ತೇನೆ. ಮಗಳು ಒಬ್ಬಳೇ, ಬ್ರಿಸ್ಬೇನ್‌ನಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿದ್ದಾಳೆ. ಅಡಿಲೇಡ್‌ನಲ್ಲಿ ಅತ್ತಿಗೆ ಇದ್ದಾರೆ, ಅಂದರೆ ನನ್ನ ಗಂಡನ ಅಕ್ಕ. ಅವರ ಯಜಮಾನರು ಡಾಕ್ಟರು. ನನ್ನ ಗಂಡ ಅವರನ್ನು ಬಾವ ಅನ್ನುತ್ತಾನೆ, ನಾನು ಅಣ್ಣ ಅನ್ನುತ್ತೇನೆ, ಮಿಕ್ಕ ಇಡೀ ಬಳಗಕ್ಕೆ ಅವರು ಬರೀ ಡಾಕ್ಟರು. ನಾವು ಈ ದೇಶಕ್ಕೆ ಬಂದಾಗ ಮೊದಲು ಉಳಿದದ್ದು ಅವರ ಮನೆಯಲ್ಲೇ. ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋಗಿ, ಒಂದು ರೂಮು ಬಿಟ್ಟುಕೊಟ್ಟು, ಕೆಲಸ ಸಿಗುವ ತನಕ ಅನ್ನ ಹಾಕಿದವರು. ಇದನ್ನು ನಾನು ಮರೆತಿಲ್ಲ. ಮರೆಯಲು ಅತ್ತಿಗೆ ಬಿಡುವುದೂ ಇಲ್ಲ.

ಅವರು ಎಂಥ ಡಾಕ್ಟರು ಅಂತ ಹೇಳಿಬಿಡಬೇಕು. ಆಪರೇಷನ್‌ಗೆ ಮುಂಚೆ ರೋಗಿಗೆ ಮತ್ತು ಬರಿಸುವ ಡಾಕ್ಟರು. ಜನರ ಕಣ್ಣು ಮುಚ್ಚಿಸುವುದೇ ಅವರ ಕೆಲಸ. ಇಂಥವರ ಹತ್ತಿರ ನಾನು ಕಣ್ಣು ತೋರಿಸಿಕೊಂಡೆ.

ನಗಬೇಡಿ. ಇದು ನನ್ನೊಬ್ಬಳ ಕಥೆಯಲ್ಲ. ಇಲ್ಲಿರುವ ನಮ್ಮ ಜನರೆಲ್ಲ ಮಾಡುವುದು ಇದನ್ನೇ. ಗಣೇಶನ ಪೂಜೆ ಇರಲಿ, ಮಗುವಿನ ನಾಮಕರಣ ಇರಲಿ, ಹಿತ್ತಲಲ್ಲಿ ಕೆಂಡದ ಅಡುಗೆಯ ಬಾರ್ಬಿ ಇರಲಿ, ಬಂದವರಲ್ಲಿ ಒಬ್ಬರು ಡಾಕ್ಟರು ಇದ್ದರೆ ಮುಗಿಯಿತು. ಮೆಲ್ಲಗೆ ಅವರನ್ನು ಬಟ್ಟೆ ಒಣಗಿಸುವ ತಂತಿಯ ಹತ್ತಿರ ಕರೆದುಕೊಂಡು ಹೋಗಿ ಬೆನ್ನಿನ ಮಚ್ಚೆ, ಊದಿದ ಮಂಡಿ, ಅಮ್ಮನ ಎಕ್ಸ್‌ರೇ ಎಲ್ಲ ತೋರಿಸುತ್ತೇವೆ. ಚರ್ಮದ ಡಾಕ್ಟರಿಗೆ ಮಂಡಿ, ಮೂಳೆ ಡಾಕ್ಟರಿಗೆ ಥೈರಾಯ್ಡ್. ಅವರೂ ಅಷ್ಟೇ, "ಇದು ನನ್ನ ವಿಷಯ ಅಲ್ಲ, ಸರಿಯಾದವರಿಗೆ ತೋರಿಸಿ" ಅನ್ನುವುದಿಲ್ಲ. ಒಂದು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಏನಿಲ್ಲ ಬಿಡಿ ಅಂದುಬಿಡುತ್ತಾರೆ. ಆಮೇಲೆ ನೀವು ಬೇರೆ ಡಾಕ್ಟರ ಹತ್ತಿರ ಹೋದರೋ, ಅದು ಅವರ ಮುಖಕ್ಕೆ ಹೊಡೆದ ಹಾಗೆ. ಮನೆಯಲ್ಲೇ ಡಾಕ್ಟರು ಇರುವಾಗ ಹೊರಗೆ ಹೋದಳು ಅಂತ ವರ್ಷಗಟ್ಟಲೆ ಮಾತು ಬರುತ್ತದೆ.

ಈಗ ತಿಮಿಂಗಿಲದ ವಿಷಯಕ್ಕೆ ಬರುತ್ತೇನೆ. ಮಗಳು ಸೇಂಟ್ ಲೂಸಿಯಾದ ಯೂನಿವರ್ಸಿಟಿಗೆ ಸೇರಿದ ವರ್ಷ ನಾವೆಲ್ಲ ಬ್ರಿಸ್ಬೇನ್‌ಗೆ ಹೋಗಿದ್ದೆವು, ಅಡಿಲೇಡಿನವರೂ ಬಂದಿದ್ದರು. ಆ ಕಡೆ ತಿಮಿಂಗಿಲಗಳು ಬರುವುದು ಚಳಿಗಾಲದಲ್ಲಿ. ಅವನ್ನು ತೋರಿಸುವ ದೋಣಿಯಲ್ಲಿ ಒಂದು ದಿನದ ಟೂರು. ಊಟ ಅವರೇ ಕೊಡುತ್ತಾರೆ ಅಂತ ಟಿಕೆಟ್ಟಿನಲ್ಲೇ ಇತ್ತು. ಆದರೂ ಅತ್ತಿಗೆಗೆ ಸಮಾಧಾನವಿಲ್ಲ. ಪೂರಿ, ಸಾಗು, ಮೊಸರನ್ನ ಎಲ್ಲ ಕಟ್ಟಿಸಿದರು. ತಿಮಿಂಗಿಲ ಹಾರಿದಾಗ ನಾನು ಎಲ್ಲಿದ್ದೆ? ಕೆಳಗಿನ ಕ್ಯಾಬಿನ್‌ನಲ್ಲಿ ಪೇಪರ್ ತಟ್ಟೆಗೆ ಸಾಗು ಬಡಿಸುತ್ತಿದ್ದೆ. ಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು. ಕೈ ಒರೆಸಿಕೊಂಡು ಹತ್ತಿ ಬರುವಷ್ಟರಲ್ಲಿ ಬರೀ ನೊರೆ. ನನ್ನ ಗಂಡ ವಿಡಿಯೋ ತೋರಿಸಿದ. "ನೋಡು, ಇದ್ರಲ್ಲಿ ಎಷ್ಟ್ ಚೆನ್ನಾಗ್ ಬಂದಿದೆ" ಅಂದ. ಆ ಫೋನನ್ನು ಕಿತ್ತು ಸಮುದ್ರಕ್ಕೆ ಎಸೆಯಬೇಕು ಅನ್ನಿಸಿತ್ತು.

ಮರುವರ್ಷ ಅಡಿಲೇಡಿಗೆ ಹೋದಾಗ ಅಲ್ಲಿಂದ ದಕ್ಷಿಣದ ಕೊಲ್ಲಿಯಲ್ಲಿ ಇನ್ನೊಂದು ದೋಣಿ. ಆ ಸಲ ಬಡಿಸುವುದು ಬೇಡ ಅಂತ ಮೊದಲೇ ಕಟಕಟೆಗೆ ಅಂಟಿಕೊಂಡು ನಿಂತಿದ್ದೆ. ತಾಯಿ ತಿಮಿಂಗಿಲವೊಂದು ಮರಿಯ ಜೊತೆ ನೀರಿನ ಮೇಲೆ ಸುಮ್ಮನೆ ಮಲಗಿತ್ತಂತೆ, ಮುಳುಗದ ಬಂಡೆಯ ಹಾಗೆ. ಎಲ್ಲರೂ ಕೈ ಚಾಚಿ "ಅಲ್ಲಿ, ಅಲ್ಲಿ" ಅನ್ನುತ್ತಿದ್ದರು.

"ಎಲ್ಲಿ?"

"ಅಲ್ಲೇ ಕಣೇ, ಎದುರಿಗೆ," ಅಂದ ನನ್ನ ಗಂಡ.

"ಎದುರಿಗೆ ಅಂದ್ರೆ ಎಲ್ಲಿ?"

"ಅಯ್ಯೋ, ಅಷ್ಟ್ ದೊಡ್ಡದಾಗಿ ಕಾಣ್ತಿದೆ, ಅಲ್ಲಿ."

ನನಗೆ ನೀರು ಕಂಡಿತು, ದಡ ಕಂಡಿತು, ಅವನ ಬೆರಳೂ ಕಂಡಿತು. ತಿಮಿಂಗಿಲ ಕಾಣಲಿಲ್ಲ. ಅಷ್ಟು ದೊಡ್ಡ ಪ್ರಾಣಿ ನನ್ನ ಕಣ್ಣಿನ ಹರಿದುಹೋದ ಒಂದು ಜಾಗದಲ್ಲಿ ಹೋಗಿ ಕೂತಿತ್ತು. ಹರಿದದ್ದು ಹರಿದ ಹಾಗೆ ಕಾಣುವುದಿಲ್ಲ, ಅದೇ, ಆಮೇಲೆ ಗೊತ್ತಾದ ನನ್ನ ರೋಗದ ಮೋಸ. ಕಪ್ಪು ಚುಕ್ಕೆ ಇಲ್ಲ, ನೋವಿಲ್ಲ, ಮಂಜಿಲ್ಲ. ಇಲ್ಲದ ಜಾಗಕ್ಕೆ ಮಿದುಳು ಅಕ್ಕಪಕ್ಕದ ನೀರನ್ನೇ ತಂದು ತೇಪೆ ಹಾಕಿಬಿಡುತ್ತದೆ.

ಅವತ್ತು ಸಂಜೆ ಅವರ ಹಿತ್ತಲಲ್ಲಿ ಬಾರ್ಬಿ. ಡಾಕ್ಟರು ಇಕ್ಕಳ ಹಿಡಿದುಕೊಂಡು ಜೋಳ ಸುಡುತ್ತಿದ್ದರು. ನಾನು ಹತ್ತಿರ ಹೋದೆ.

"ಅಣ್ಣಾ, ಎಡಗಡೆ ಏನೋ ಸರಿಯಾಗಿ ಕಾಣ್ಸಲ್ಲ. ಇವತ್ತು ಎಲ್ರೂ ನೋಡಿದ್ರು, ನಂಗೊಬ್ಳಿಗೇ ಕಾಣ್ಸಿಲ್ಲ."

ಅವರು ಇಕ್ಕಳ ಕೆಳಗಿಟ್ಟು ಫೋನಿನ ಟಾರ್ಚ್ ಹಾಕಿದರು. "ಮೇಲ್ ನೋಡಿ. ಹೂಂ. ಕೆಳಗೆ. ಏನಿಲ್ಲಮ್ಮ, ಡ್ರೈನೆಸ್. ಈ ವಯಸ್ಸಲ್ಲಿ ಎಲ್ಲಾರ್ಗೂ ಇರುತ್ತೆ. ಡ್ರಾಪ್ಸ್ ಹಾಕ್ಕೊಳಿ."

"ಕಣ್ಣಿನ ಡಾಕ್ಟ್ರಿಗೆ ಒಂದ್ಸಲ ತೋರಿಸ್ಲಾ?"

"ಸುಮ್ನೆ ಯಾಕೆ? ಅವ್ರೂ ಇದನ್ನೇ ಹೇಳ್ತಾರೆ." ಆಮೇಲೆ ಇಕ್ಕಳ ಎತ್ತಿಕೊಂಡು ಉಳಿದವರ ಕಡೆ ತಿರುಗಿ, "ನಮ್ಮ ಇವ್ರಿಗೆ ತಿಮಿಂಗಿಲವೂ ಕಾಣ್ಸಲ್ವಂತೆ" ಅಂದರು. ಎಲ್ಲರೂ ನಕ್ಕರು. ಜೋಕು ಹುಟ್ಟಿದ್ದು ಹೀಗೆ, ಜೋಳದ ಹೊಗೆಯಲ್ಲಿ.

ನಾನು ಡ್ರಾಪ್ಸ್ ಹಾಕಿಕೊಂಡೆ. ಬೆಳಿಗ್ಗೆ, ಸಂಜೆ, ತಪ್ಪದೆ, ಭಕ್ತಿಯಿಂದ. ಕಣ್ಣಿನ ಡಾಕ್ಟರ ಹತ್ತಿರ ಹೋಗಲಿಲ್ಲ. ಅನ್ನ ಹಾಕಿದವರ ಮಾತನ್ನು ಪರೀಕ್ಷೆ ಮಾಡಿಸಿದ ಹಾಗೆ ಆಗುತ್ತದಲ್ಲ. ಅದರ ಮುಂದಿನ ಯುಗಾದಿಗೆ ಅವರಿಬ್ಬರೂ ಪರ್ತ್‌ಗೆ ಬಂದಿದ್ದರು. ಊಟಕ್ಕೆ ಕೂತಾಗ ಎಡಗಡೆ ಇದ್ದ ಮಜ್ಜಿಗೆ ಲೋಟಕ್ಕೆ ನನ್ನ ಕೈ ತಗುಲಿ ಅದು ಡಾಕ್ಟರ ತೊಡೆಯ ಮೇಲೆ ಚೆಲ್ಲಿತು. ನನ್ನ ಗಂಡ ಜೋಕು ಹೇಳಿದ, ಎಲ್ಲರೂ ನಕ್ಕರು. ಡಾಕ್ಟರು ಮಾತ್ರ ನಗಲಿಲ್ಲ. ಲೋಟವನ್ನು ನೋಡಿದರು, ನನ್ನನ್ನು ನೋಡಿದರು, ಟವಲಿನಿಂದ ಪ್ಯಾಂಟು ಒರೆಸಿಕೊಂಡರು. ನೋಡು, ಎಷ್ಟು ದೊಡ್ಡ ಮನುಷ್ಯ, ನನ್ನನ್ನು ಹಂಗಿಸಲಿಲ್ಲ ಅಂದುಕೊಂಡೆ.

ಇದಾದ ಮೇಲೂ ಒಂದು ವರ್ಷ ಡ್ರಾಪ್ಸ್ ಹಾಕಿದೆ. ಆಮೇಲೆ ಒಂದು ಬೆಳಿಗ್ಗೆ ಗೋದಾಮಿನಲ್ಲಿ ಎಡಗಡೆಯಿಂದ ಬಂದ, ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ನನಗೆ ಕಾಣಲೇ ಇಲ್ಲ. ಅದನ್ನು ಓಡಿಸುತ್ತಿದ್ದವನು ಬ್ರೇಕು ಹಾಕಿ, ಹಾರನ್ ಒತ್ತಿ, ನಡೆಯುವವರು ದಾಟಬಾರದ ಹಳದಿ ಗೆರೆ ಯಾತಕ್ಕೆ ಇದೆ ಅಂತ ಬಾಯಿಗೆ ಬಂದ ಹಾಗೆ ಬೈದ. ನಾನೂ ಬಿಡಲಿಲ್ಲ, ಸರಿಯಾಗೇ ಬೈದೆ. ಸೂಪರ್‌ವೈಸರ್ ಇಬ್ಬರನ್ನೂ ಸುಮ್ಮನಾಗಿಸಿ, ನನ್ನನ್ನು ಮಧ್ಯಾಹ್ನವೇ ಕಣ್ಣಿನ ಪರೀಕ್ಷೆಗೆ ಕಳಿಸಿದಳು. ಒಂದು ಬಿಳಿ ಬಟ್ಟಲಿನಂಥ ಮೆಷಿನ್ನಿನೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಾನು ಕಾದೆ, ಕಾದೆ. ತುಂಬ ಹೊತ್ತು ಏನೂ ಬರಲಿಲ್ಲ. ಮೆಷಿನ್ ಕೆಟ್ಟಿದೆಯಾ ಅಂತ ಕೇಳಿದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಕಣ್ಣಿನ ಸ್ಪೆಷಲಿಸ್ಟಿಗೆ ಚೀಟಿ ಬರೆದಳು.

ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರವನ್ನು ಅಂಚಿನಿಂದ ಒಳಕ್ಕೆ ತಿನ್ನುತ್ತಾ ಬರುವ ರೋಗ. ಎರಡೂ ಕಣ್ಣು ಸೇರಿ ಎಡಗಡೆಯ ನೋಟ ಪೂರ್ತಿ ಹೋಗಿತ್ತು. ಎದುರಿಗೆ ನೋಡಿದರೆ ಮೇಲಿನ ಅರ್ಧವೂ ಹೋಗಿತ್ತು. ಉಳಿದದ್ದು ಮಧ್ಯದಲ್ಲಿ ನೋಡಲು ಒಂದು ತೂತು, ಅದರ ಬಲಕ್ಕೆ ಸ್ವಲ್ಪ. ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಲು ನೋಡೋಣ, ಆದರೆ ಎಷ್ಟು ದಿನ ಅಂತ ಮಾತು ಕೊಡಲಾರೆ ಅಂದರು ಸ್ಪೆಷಲಿಸ್ಟು. ಮೊದಲು ಯಾವಾಗ ಗೊತ್ತಾಯಿತು ಅಂತ ಕೇಳಿದರು. ಅಡಿಲೇಡಿನ ತಿಮಿಂಗಿಲದ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆವಾಗಲೇ ಬಂದಿದ್ದರೆ ಇದರಲ್ಲಿ ಬಹುಪಾಲು ಉಳಿಯುತ್ತಿತ್ತು, ಮರುವರ್ಷ ಬಂದಿದ್ದರೂ ಎಷ್ಟೋ ಉಳಿಯುತ್ತಿತ್ತು ಅಂದರು.

ಕಾರು ಓಡಿಸುವುದು ಅವತ್ತಿಗೆ ನಿಂತಿತು. ಹ್ಯಾರಿಸ್‌ಡೇಲ್‌ನಲ್ಲಿ ಕಾರು ಇಲ್ಲದಿದ್ದರೆ ಕಾಲು ಇಲ್ಲದ ಹಾಗೆ. ಹಾಲು ಬೇಕೆಂದರೆ ಪೆಟ್ರೋಲ್ ಬಂಕಿನ ಸರ್ವೋ ಅಂಗಡಿ ತನಕ ಬಿಸಿಲಲ್ಲಿ ನಡೆಯಬೇಕು. ಕೆಲಸಕ್ಕೆ ಬಸ್ಸು, ಟ್ರೇನು, ಮತ್ತೆ ಬಸ್ಸು. ಗಂಡ ಗಣಿಯಲ್ಲಿ. ಬಸ್ ಸ್ಟಾಪಿನಲ್ಲಿ ಒಬ್ಬಳೇ ಕೂತು ಹಲ್ಲು ಕಡಿಯುತ್ತಿದ್ದೆ. ಅಷ್ಟು ಹೊತ್ತು ಹಲ್ಲು ಕಡಿದರೆ ದವಡೆ ನೋಯುತ್ತದೆ, ಅದನ್ನು ಯಾವ ಡಾಕ್ಟರಿಗೂ ತೋರಿಸಲಿಲ್ಲ.

ಮನೆಯವರು ಏನಂದರು ಗೊತ್ತಾ? ಏನೂ ಅನ್ನಲಿಲ್ಲ. ಡಾಕ್ಟರು ನನಗೆ ಫೋನ್ ಮಾಡಲಿಲ್ಲ. ಅತ್ತಿಗೆ ಮಾಡಿದರು. "ಎಲ್ಲಾ ನಮ್ಮ ನಮ್ಮ ಗ್ರಹಚಾರ ಕಣಮ್ಮ. ಇವ್ರು ಪಾಪ ಊಟಾನೇ ಸರಿಯಾಗ್ ಮಾಡ್ತಿಲ್ಲ. ನೀನೇನೂ ಅವ್ರ ಹತ್ರ ಈ ವಿಷಯ ಎತ್ಬೇಡ, ಮೊದ್ಲೇ ಬಿಪಿ" ಅಂದರು. ಕಣ್ಣು ಹೋದದ್ದು ನನ್ನದು, ಊಟ ಬಿಟ್ಟವರು ಅವರು, ಸಮಾಧಾನ ಮಾಡಬೇಕಾದವಳು ನಾನು. ಗಂಡನಿಗೆ ಹೇಳಿದರೆ, "ಹೋಗ್ಲಿ ಬಿಡೇ, ದೊಡ್ಡೋರು. ಬೇಕು ಅಂತ ಮಾಡಿದ್ರಾ?" ಅಂದ. ಯಾವ ಭಾಗ ಹೋಗಿದೆ, ಯಾವ ಭಾಗ ಉಳಿದಿದೆ ಅಂತ ಒಬ್ಬರೂ ಕೇಳಲಿಲ್ಲ. ಕೇಳದವರಿಗೆ ನಾನೂ ಹೇಳಲಿಲ್ಲ. ಅದು ನನಗೂ ಸ್ಪೆಷಲಿಸ್ಟಿಗೂ ಮಾತ್ರ ಗೊತ್ತಿದ್ದ ವಿಷಯ.

ಆಗ ನನಗೆ ಒಂದು ಹಠ ಹಿಡಿಯಿತು. ಆ ತೂತು ಮುಚ್ಚಿಹೋಗುವ ಮುಂಚೆ ಒಂದು ತಿಮಿಂಗಿಲ ನೋಡಬೇಕು. ಫೋನಿನಲ್ಲಿ ಅಲ್ಲ, ಟಿವಿಯಲ್ಲಿ ಅಲ್ಲ, ನನ್ನ ಕಣ್ಣಿನಿಂದ, ನೀರಿನ ಮೇಲೆ. ಇದರಲ್ಲಿ ಭಕ್ತಿ, ಪ್ರಕೃತಿ ಪ್ರೇಮ ಅಂತ ಏನೂ ಇಲ್ಲ. ಆ ಜೋಕನ್ನು ಕೊಲ್ಲಬೇಕಿತ್ತು, ಅಷ್ಟೇ.

ಮಗಳಿಗೆ ಹೇಳಿದೆ. ಅವಳು ಹುಡುಕಿ, ಪರ್ತ್‌ನಿಂದ ದಕ್ಷಿಣಕ್ಕೆ ಅರ್ಧ ದಿನದ ದಾರಿಯಲ್ಲಿ ಒಂದು ಸಣ್ಣ ಬಂದರಿದೆ, ಅಲ್ಲಿ ಬೇಸಿಗೆಯಲ್ಲೇ ಓರ್ಕಾ ತಿಮಿಂಗಿಲಗಳು ಬರುತ್ತವೆ, ಜನವರಿಯಿಂದ ದೋಣಿ ಟೂರು ಶುರು ಅಂತ ಹೇಳಿ ಬುಕ್ ಮಾಡಿದಳು. "ಬಟ್ ಅಮ್ಮಾ, ಟೆಕ್ನಿಕಲೀ ಓರ್ಕಾಸ್ ಆರ್ ಡಾಲ್ಫಿನ್ಸ್" ಅಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. ಟೆಕ್ನಿಕಲೀ ನಾನು ನಿನ್ನ ತಾಯಿ, ಬಾಯಿ ಮುಚ್ಚಿಕೊಂಡು ಟಿಕೆಟ್ ಮಾಡು ಅಂದೆ. ಅವಳು ನಕ್ಕಳು. ನನ್ನ ಸಿಟ್ಟಿಗೆ ನಗುವ ಧೈರ್ಯ ಇರುವುದು ಅವಳೊಬ್ಬಳಿಗೇ.

ಅಷ್ಟರಲ್ಲಿ ನನ್ನ ಗಂಡ ಒಂದು ಕೆಲಸ ಮಾಡಿಬಿಟ್ಟಿದ್ದ. ನನ್ನನ್ನು ಒಂದು ಮಾತು ಕೇಳದೆ ಅಡಿಲೇಡಿನವರನ್ನೂ ಕರೆದಿದ್ದ.

"ಎಲ್ರೂ ಸೇರಿ ಎಷ್ಟ್ ದಿನ ಆಯ್ತು. ರಜಾ ಬೇರೆ ಇದೆ," ಅಂದ.

"ನಿನ್ ಬಾವ ಬಂದ್ರೆ ನಾನು ಬರಲ್ಲ."

"ಏನೇ ನೀನು, ಚಿಕ್ಕ್ ಮಕ್ಳ ತರ. ಅವ್ರ ಋಣ ಇಲ್ವಾ ನಮ್ಮ ಮೇಲೆ?"

ಋಣ ನಿನ್ನದು, ಕಣ್ಣು ನನ್ನದು ಅಂದೆ. ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಕೊನೆಗೆ ನಾನೇ ಸೋತೆ, ಯಾಕೆಂದರೆ ಅವರು ಬರುತ್ತಾರೆ ಅಂತ ನಾನು ತಿಮಿಂಗಿಲ ಬಿಟ್ಟರೆ ಮತ್ತೆ ಗೆಲ್ಲುವುದು ಅವರೇ.

ಆ ಬಂದರಿನ ಹತ್ತಿರ ಬಾಡಿಗೆಗೆ ಒಂದು ಮರದ ಮನೆ ಹಿಡಿದಿದ್ದೆವು. ಮಗಳೂ ಬ್ರಿಸ್ಬೇನ್‌ನಿಂದ ಬಂದಿದ್ದಳು, ಒಂದು ವಾರ ಎಲ್ಲರೂ ಒಟ್ಟಿಗೆ. ಡಾಕ್ಟರು ಮೊದಲ ದಿನದಿಂದಲೇ ನನ್ನ ಎಡಗಡೆಗೆ ಅಂಟಿಕೊಂಡುಬಿಟ್ಟರು. ಊಟಕ್ಕೆ ಕೂತರೆ ಎಡಗಡೆ, ಕಾರಿನಲ್ಲಿ ಎಡಗಡೆ, ಮರಳಿನ ಮೇಲೆ ನಡೆದರೆ ಎಡಗಡೆ. ಅವರು ಕಾಣುತ್ತಿರಲಿಲ್ಲ, ಗಂಟಲು ಸರಿಪಡಿಸಿಕೊಳ್ಳುವ ಸದ್ದು ಮಾತ್ರ ಕೇಳಿ ಬೆಚ್ಚಿಬೀಳುತ್ತಿದ್ದೆ. ಕುರ್ಚಿಗಳು ನನ್ನ ದಾರಿಯಲ್ಲಿ ಇರುತ್ತಿರಲಿಲ್ಲ, ಅರ್ಧ ತೆರೆದ ಬಾಗಿಲು ಹಣೆಗೆ ಬಡಿಯುತ್ತಿರಲಿಲ್ಲ. ಅದೆಲ್ಲ ಮಗಳ ಕೆಲಸ ಅಂದುಕೊಂಡಿದ್ದೆ. ಒಂದು ವಾರದಲ್ಲಿ ಅವರು ನನ್ನ ಜೊತೆ ಆಡಿದ್ದು ಉಪ್ಪು, ಮೊಸರು, ಬಿಸಿಲು ಇಂಥ ಮಾತು. ನಾನು ಹೂಂ, ಊಹೂಂ ಅಂದು ಮುಗಿಸುತ್ತಿದ್ದೆ.

ದೋಣಿಯ ದಿನ ಬೆಳಿಗ್ಗೆ ಅತ್ತಿಗೆ ಪುಳಿಯೋಗರೆ ಕಲಸುತ್ತಾ, "ಬಾರಮ್ಮ, ಡಬ್ಬಿಗೆ ತುಂಬ್ಸು" ಅಂದರು. ಇವತ್ತು ನಾನು ತುಂಬಿಸುವುದೂ ಇಲ್ಲ, ಬಡಿಸುವುದೂ ಇಲ್ಲ, ನನ್ನ ಪಾಲಿಗೆ ಬಿಸ್ಕತ್ತು ಸಾಕು ಅಂದೆ. ಅವರ ಮುಖ ಚಿಕ್ಕದಾಯಿತು. ಆದರೂ ದೊಡ್ಡ ಚೀಲದ ತುಂಬ ಪುಳಿಯೋಗರೆ ದೋಣಿ ಹತ್ತಿತು.

ಬೇಸಿಗೆ ಅಂದರೆ ಬೆಚ್ಚಗಿರುತ್ತದೆ ಅಂತ ನಂಬಿ ನಮ್ಮವರೆಲ್ಲ ಬರೀ ಅಂಗಿಯಲ್ಲಿ ಬಂದಿದ್ದರು. ದಡ ಮರೆಯಾದ ಮೇಲೆ ಗಾಳಿ ಮೂಳೆಗೆ ಇಳಿಯಿತು. ಗಣಿಯಲ್ಲಿ ಡೈನಮೈಟಿಗೆ ಹೆದರದ ನನ್ನ ಗಂಡ ಹಿಂದಿನ ಬೆಂಚಿನಲ್ಲಿ ಕಾಗದದ ಚೀಲ ಹಿಡಿದು ವಾಂತಿ ಮಾಡುತ್ತಾ ಕೂತ. ನನಗೇನೂ ಆಗಲಿಲ್ಲ. ಸಿಟ್ಟಿನಿಂದ ಹೊಟ್ಟೆ ಗಟ್ಟಿಯಾಗಿತ್ತೋ ಏನೋ.

ದೋಣಿಯ ಗೈಡ್ ಒಬ್ಬ ಬಿಳಿ ಹೆಂಗಸು, ಕೈಯಲ್ಲಿ ಮೈಕು. ಹೊರಟ ತಕ್ಷಣ ಒಂದು ಮಾತು ಹೇಳಿದಳು. ಏನು ಕಂಡರೂ ಸುಮ್ಮನೆ ಕೈ ತೋರಿಸಬೇಡಿ. ದೋಣಿಯ ಮೂತಿ ಹನ್ನೆರಡು ಗಂಟೆ, ಹಿಂಭಾಗ ಆರು ಗಂಟೆ, ಬಲಗಡೆ ಮೂರು, ಎಡಗಡೆ ಒಂಬತ್ತು. ಗಂಟೆ ಹೇಳಿ, ಎಲ್ಲರಿಗೂ ಕಾಣುತ್ತದೆ ಅಂದಳು. ಆಹಾ ತಾಯಿ, ಇಷ್ಟು ವರ್ಷ ಎಲ್ಲಿದ್ದೆ ಅನ್ನಿಸಿತು. ಇನ್ನೊಂದು ಮಾತನ್ನೂ ಹೇಳಿದಳು: ನೀರಿನಲ್ಲಿ ಓರ್ಕಾದ ಬೆನ್ನಿನ ರೆಕ್ಕೆ ಹುಡುಕಬೇಡಿ, ಮೊದಲು ಹಕ್ಕಿಗಳನ್ನು ನೋಡಿ. ಓರ್ಕಾಗಳು ಬೇಟೆ ಮಾಡಿದಾಗ ನೀರಿನ ಮೇಲೆ ಎಣ್ಣೆ ತೇಲುತ್ತದೆ, ಅದರ ವಾಸನೆಗೆ ಹಕ್ಕಿಗಳು ಸೇರುತ್ತವೆ.

ಹಕ್ಕಿಗಳು ನನಗೆ ಕಂಡವು. ಇದನ್ನು ಹೇಳಲೇಬೇಕು. ಶಿಯರ್‌ವಾಟರ್ ಅನ್ನುವ ಕಂದು ಹಕ್ಕಿಗಳು ರೆಕ್ಕೆಯ ತುದಿಯನ್ನು ನೀರಿಗೆ ತಾಗಿಸಿಯೂ ತಾಗಿಸದ ಹಾಗೆ ಅಲೆಯ ಮೈ ಸವರಿಕೊಂಡು ಹೋಗುತ್ತಿದ್ದವು. ಕಣ್ಣನ್ನು ಒಂದು ಕಡೆ ನೆಟ್ಟು ನಿಂತರೆ ಒಂದೊಂದಾಗಿ ನನ್ನ ತೂತಿನೊಳಗೆ ಬಂದು ಹೋದವು. ಗುಬ್ಬಿಗಿಂತ ಸ್ವಲ್ಪ ದೊಡ್ಡ ಹಕ್ಕಿಯೊಂದು ಕಾಲು ಇಳಿಬಿಟ್ಟು ನೀರಿನ ಮೇಲೆ ನಡೆಯುತ್ತಾ ಬಂತು, ನಿಜವಾಗಿಯೂ ನಡೆಯುತ್ತಾ. ಆಮೇಲೆ ಆಲ್ಬಟ್ರಾಸ್ ಅನ್ನುವ ಭಾರಿ ಕಡಲ ಹಕ್ಕಿಯೊಂದು ಬಂತು. ಒಂದು ಸಲವೂ ರೆಕ್ಕೆ ಬಡಿಯದೆ ಹತ್ತಿರಕ್ಕೆ ತೇಲಿ ಬಂದು, ಕಪ್ಪು ಹುಬ್ಬಿನ ಕೆಳಗಿನಿಂದ ದೋಣಿಯನ್ನೆಲ್ಲ ಒಮ್ಮೆ ನೋಡಿ, ಪುಳಿಯೋಗರೆ ಇಷ್ಟವಾಗದವರ ಹಾಗೆ ತಿರುಗಿಕೊಂಡು ಹೋಯಿತು. ನಾನು ನಕ್ಕುಬಿಟ್ಟೆ. ಆ ವಾರದಲ್ಲಿ ನಕ್ಕದ್ದು ಅದೇ ಮೊದಲು.

ಹಕ್ಕಿಗಳೆಲ್ಲ ಇದ್ದಕ್ಕಿದ್ದ ಹಾಗೆ ಒಂದೇ ಕಡೆ ಸೇರತೊಡಗಿದವು. ದೋಣಿ ಅತ್ತ ತಿರುಗಿತು. ಗೈಡ್ ಮೈಕಿನಲ್ಲಿ ಹತ್ತು ಗಂಟೆ ಅಂದಳು. ನಾನು ಕುತ್ತಿಗೆ ತಿರುಗಿಸಿದೆ. ಅಷ್ಟರಲ್ಲಿ ಇಡೀ ದೋಣಿ ಅತ್ತ ನುಗ್ಗಿ ನನ್ನ ಮುಂದೆ ಫೋನುಗಳ ಗೋಡೆಯೇ ಎದ್ದಿತು. ಮುಂದಿನ ಸಾಲಿನಲ್ಲಿ ನಮ್ಮ ಅತ್ತಿಗೆಯೇ ಇದ್ದರು, ತಟ್ಟೆಯಷ್ಟು ದೊಡ್ಡ ಟ್ಯಾಬ್ಲೆಟ್ ಎತ್ತಿ ಹಿಡಿದುಕೊಂಡು.

"ಅಲ್ಲಿ, ಅಲ್ಲಿ," ಅಂದರು ಅತ್ತಿಗೆ.

"ಅಲ್ಲಿ ನೋಡೇ, ಅಲ್ಲಿ," ಅಂದ ನನ್ನ ಗಂಡ, ಚೀಲ ಹಿಡಿದುಕೊಂಡೇ ಎದ್ದು ಬಂದು.

"ಅಮ್ಮಾ, ದೇರ್," ಅಂದಳು ಮಗಳು.

ನಾನು ಬಲಕ್ಕೆ ತಿರುಗಿದೆ, ಎಡಕ್ಕೆ ತಿರುಗಿದೆ. ನೀರು. ಟ್ಯಾಬ್ಲೆಟ್ಟು. ನೀರು. ಎಲ್ಲರೂ ಓ ಅಂದರು. ನಾನು ತಿರುಗುವಷ್ಟರಲ್ಲಿ ಮುಗಿದಿತ್ತು. ಮತ್ತೊಮ್ಮೆ ಓ ಅಂದರು. ಅದೂ ಮುಗಿದಿತ್ತು. ಬ್ರಿಸ್ಬೇನಿನ ಸಾಗು, ಅಡಿಲೇಡಿನ ಜೋಳ ಎಲ್ಲ ಒಟ್ಟಿಗೆ ತಲೆಗೆ ಏರಿತು.

"ಸುಮ್ನಿರ್ರಿ ಎಲ್ಲಾರೂ," ಅಂತ ಕಿರುಚಿದೆ. "ಅಲ್ಲಿ ಅಂದ್ರೆ ಎಲ್ಲಿ? ಕಣ್ಣಿರೋರಿಗೆ ಅಲ್ಲಿ. ನಂಗೆ ಯಾವ ಅಲ್ಲಿನೂ ಇಲ್ಲ. ಗಂಟೆ ಹೇಳಕ್ಕೆ ಬರಲ್ವಾ ನಿಮಗೆ? ಬರ್ದಿದ್ರೆ ಬಾಯ್ ಮುಚ್ಕೊಂಡ್ ನಿಂತ್ಕೊಳ್ಳಿ. ಅತ್ಗೆ, ಆ ಹಲಗೆ ಕೆಳಗಿಳ್ಸಿ."

ಕನ್ನಡ ಬಾರದವರೂ ಸುಮ್ಮನಾದರು. ಅತ್ತಿಗೆಯ ಟ್ಯಾಬ್ಲೆಟ್ ಇಳಿಯಿತು. ಎಂಜಿನ್ನಿನ ಸದ್ದು, ಹಕ್ಕಿಗಳ ಸದ್ದು ಮಾತ್ರ ಉಳಿಯಿತು. ಆಗ ನನ್ನ ಎಡಗಡೆಯಿಂದ ಗಂಟಲು ಸರಿಪಡಿಸಿಕೊಂಡ ಸದ್ದು ಕೇಳಿತು.

"ಹಾಗೆ ಆಕಡೆ ಈಕಡೆ ಹುಡುಕ್ಬೇಡಿ," ಅಂದರು ಡಾಕ್ಟರು, ಮೆಲ್ಲಗೆ. "ಅವು ಬಲಗಡೆಯಿಂದ ಎಡಗಡೆಗೆ ಹೋಗ್ತಿವೆ. ನೀವು ಮುಂದೆ ಹೋಗಿ ಕಾಯ್ಬೇಕು. ತಲೆ ಎಡಕ್ಕೆ ತಿರುಗಿಸಿ. ಇನ್ನೂ. ಗಲ್ಲ ಭುಜಕ್ಕೆ ತಾಗ್ಲಿ. ಹೂಂ. ಮೇಲ್ಗಡೆ ನಿಮಗಿಲ್ಲ, ಅದಕ್ಕೆ ಗಲ್ಲ ಒಂಚೂರು ಎತ್ತಿ. ಸಾಕು. ಈಗ ಕಣ್ಣು ಅಲ್ಲಾಡಿಸ್ಬೇಡಿ. ಬಲಗಡೆ ಅಂಚಿಂದ ಬರುತ್ತೆ. ಬರ್ತಾ ಇದೆ. ಈಗ."

ಬಂತು. ಕಪ್ಪು ರೆಕ್ಕೆಯೊಂದು, ಮನುಷ್ಯನಷ್ಟು ಎತ್ತರ, ನೀರನ್ನು ಸೀಳಿಕೊಂಡು ನನ್ನ ತೂತಿನ ಬಲ ಅಂಚಿನಿಂದ ಒಳಗೆ ಬಂತು. ಅದರ ಕೆಳಗೆ ಮಿರಮಿರ ಮಿಂಚುವ ಕಪ್ಪು ಬೆನ್ನು, ಕಣ್ಣಿನ ಹಿಂದಿನ ಬಿಳಿ ಮಚ್ಚೆ. ಉಸಿರು ಬಿಟ್ಟಿತು. ಕುಕ್ಕರಿನ ಸೀಟಿ ತೆಗೆದ ಹಾಗೆ ಒಂದು ಸದ್ದು, ಕೊಳೆತ ಮೀನಿನ ವಾಸನೆ, ಮುಖದ ಮೇಲೆ ಹನಿ. ಹಿಂದೆಯೇ ಇನ್ನೊಂದು. ಅದರ ಪಕ್ಕಕ್ಕೆ ಅಂಟಿಕೊಂಡು ಕಿತ್ತಳೆ ಬಣ್ಣದ ಮಚ್ಚೆಯ ಒಂದು ಮರಿ. ಮೂರೂ ನನ್ನೆದುರಿನಿಂದ ನಿಧಾನವಾಗಿ ದಾಟಿಕೊಂಡು ಹೋದವು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲೂ ಇಲ್ಲ. ಒರೆಸಿಕೊಂಡರೆ ಅಷ್ಟು ಹೊತ್ತು ತಪ್ಪಿಹೋಗುತ್ತದಲ್ಲ. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಅವು ಮುಳುಗಿದವು. ನೀರು ಮತ್ತೆ ನೀರಾಯಿತು. ಥ್ಯಾಂಕ್ಸ್ ಅಣ್ಣಾ ಅನ್ನಬೇಕು ಅಂತ ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು.

ಮೇಲ್ಗಡೆ ನಿಮಗಿಲ್ಲ ಅಂದಿದ್ದರು. ಬಲಗಡೆ ಅಂಚಿಂದ ಬರುತ್ತೆ ಅಂದಿದ್ದರು.

"ಅಣ್ಣಾ, ಮೇಲ್ಗಡೆ ನಂಗಿಲ್ಲ ಅಂತ ನಿಮಗ್ಯಾರ್ ಹೇಳಿದ್ರು?"

ಮತ್ತೆ ಗಂಟಲು ಸರಿಪಡಿಸಿಕೊಂಡ ಸದ್ದು.

"ನನ್ ಗಂಡನಿಗೂ ಗೊತ್ತಿಲ್ಲ ಅದು. ಮಗಳಿಗೂ ಗೊತ್ತಿಲ್ಲ."

"ಯಾರೂ ಹೇಳಿಲ್ಲ," ಅಂದರು. "ನೋಡ್ತಾ ಇದ್ದೆ. ನೀವು ಬಾಗಿಲು ದಾಟೋದು, ತಟ್ಟೆ ತಗೊಳೋದು, ಮೆಟ್ಲು ಇಳಿಯೋದು. ಅದ್ರಲ್ಲೇ ಗೊತ್ತಾಗುತ್ತೆ."

ಕುರ್ಚಿ ಸರಿಸುತ್ತಿದ್ದವರು ಯಾರು ಅಂತ ಆಗ ಹೊಳೆಯಿತು. ವಾರವೆಲ್ಲ ಎಡಗಡೆಗೆ ಅಂಟಿಕೊಂಡದ್ದು ಯಾಕೆ ಅಂತಲೂ ಹೊಳೆಯಿತು. ನಾನು ಎಡವಿ ಬೀಳದಿರಲಿ ಅಂತ ಇದ್ದೀತು. ಆದರೆ ಅವರ ಮುಖ ನನಗೆ ಕಾಣದ ಜಾಗವೂ ಅದೊಂದೇ. ನಾನು ಎಲ್ಲಿ ಕುರುಡಿ ಅಂತ ಕೂದಲೆಳೆಯಷ್ಟು ಸರಿಯಾಗಿ ಗೊತ್ತಿದ್ದವರು ಮಾತ್ರ ಅಲ್ಲಿ ಅಷ್ಟು ಸರಿಯಾಗಿ ನಿಲ್ಲಬಲ್ಲರು.

"ಯಾವಾಗಿಂದ ನೋಡ್ತಾ ಇದ್ದೀರಾ?" ಅಂತ ಕೇಳಿದೆ.

ಅವರು ಸುಳ್ಳು ಹೇಳಬಹುದಿತ್ತು. ಈ ವಾರದಿಂದ ಅನ್ನಬಹುದಿತ್ತು.

"ಯುಗಾದಿ ದಿನ ಮಜ್ಜಿಗೆ ಚೆಲ್ಲಿದ್ರಲ್ಲ," ಅಂದರು. "ಆವಾಗ್ಲೇ ಅನುಮಾನ ಬಂತು. ಲೋಟ ನಿಮ್ಮ ಪಕ್ಕದಲ್ಲೇ ಇತ್ತು, ಕಾಣ್ಲಿಲ್ಲ ನಿಮಗೆ. ಡ್ರೈನೆಸ್‌ನಲ್ಲಿ ಹಾಗಾಗಲ್ಲ."

ಯುಗಾದಿ. ಫೋರ್ಕ್‌ಲಿಫ್ಟಿಗೆ ಒಂದು ವರ್ಷ ಮುಂಚೆ. ಮರುವರ್ಷ ಬಂದಿದ್ದರೂ ಎಷ್ಟೋ ಉಳಿಯುತ್ತಿತ್ತು ಅಂತ ಸ್ಪೆಷಲಿಸ್ಟು ಹೇಳಿದ್ದ ಆ ವರ್ಷ. ನಾನು ಬೆಳಿಗ್ಗೆ ಸಂಜೆ ಡ್ರಾಪ್ಸ್ ಹಾಕಿಕೊಂಡ ಆ ವರ್ಷ.

"ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಗ್ ಹೇಳ್ಲಿ?" ಅಂದರು. "ಡ್ರೈನೆಸ್ ಅಂತ ನಾನೇ ಅಂದಿದ್ನಲ್ಲ. ಎಲ್ಲರ ಮುಂದೆ."

ಇದಕ್ಕೆ ನಾನು ಕಿರುಚಲಿಲ್ಲ. ಕಿರುಚುವ ಸಿಟ್ಟು ಅಲ್ಲಿಗೆ ಮುಗಿದು, ಅದರ ಕೆಳಗಿದ್ದ ಇನ್ನೊಂದು ಸಿಟ್ಟು ಸಿಕ್ಕಿತ್ತು, ತಣ್ಣಗೆ.

"ಮುಂದೆ ಬನ್ನಿ," ಅಂದೆ. "ಅಲ್ಲಿ ನಿಂತ್ಕೋಬೇಡಿ. ನಂಗೆ ಕಾಣೋ ಕಡೆ ಬಂದ್ ನಿಂತ್ಕೊಳ್ಳಿ."

ಅವರು ಬಂದರು. ನನ್ನ ಎದುರಿಗೆ, ಕಟಕಟೆಗೆ ಬೆನ್ನು ಕೊಟ್ಟು ನಿಂತರು. ಎಷ್ಟೋ ದಿನದ ಮೇಲೆ ಅವರ ಮುಖವನ್ನು ಪೂರ್ತಿ ನೋಡಿದೆ. ವಯಸ್ಸಾಗಿತ್ತು, ತುಟಿ ಒಣಗಿತ್ತು. ಅವರ ಹಿಂದೆ ಮತ್ತೆ ಎಲ್ಲರೂ ಕೂಗಿದರು. ಗೈಡ್ ಹನ್ನೆರಡು ಗಂಟೆ ಅಂದಳು. ಓರ್ಕಾಗಳು ವಾಪಸು ಬಂದು ದೋಣಿಯ ಮೂತಿಯ ಹತ್ತಿರವೇ ಎದ್ದಿದ್ದವಂತೆ, ಮಗಳು ಆಮೇಲೆ ಹೇಳಿದಳು. ನಾನು ತಿರುಗಲಿಲ್ಲ. ನನಗೆ ಉಳಿದ ಜಾಗದಲ್ಲಿ ಒಂದು ಸಲಕ್ಕೆ ಒಂದೇ ಹಿಡಿಯುತ್ತದೆ.

"ಈಗ ಹೇಳಿ," ಅಂದೆ.

"ಏನ್ ಹೇಳ್ಲಮ್ಮ?"

"ಆವತ್ತು ಎಲ್ಲರ ಮುಂದೆ ಡ್ರೈನೆಸ್ ಅಂದ್ರಲ್ಲ. ಇದನ್ನೂ ಎಲ್ಲರ ಮುಂದೆ ಹೇಳಿ."

ಅವರು ಅತ್ತಿಗೆಯನ್ನು ನೋಡಿದರು, ನನ್ನ ಗಂಡನನ್ನು ನೋಡಿದರು. ಆಮೇಲೆ ಹೇಳಿದರು. ಗಾಳಿಯಿತ್ತು, ಅದಕ್ಕೇ ಜೋರಾಗಿ ಹೇಳಬೇಕಾಯಿತು. ನಾನು ತಪ್ಪು ಹೇಳಿದ್ದೆ, ತಪ್ಪು ಅಂತ ಯುಗಾದಿಯ ದಿನವೇ ಗೊತ್ತಾಯಿತು, ಗೊತ್ತಾಗಿಯೂ ಸುಮ್ಮನಿದ್ದೆ ಅಂದರು. ನಮ್ಮವರ ಫೋನುಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ನನ್ನ ಗಂಡ ಕಾಗದದ ಚೀಲವನ್ನು ಮಡಿಸುತ್ತಾ ಮಡಿಸುತ್ತಾ ನಿಂತ. ಅತ್ತಿಗೆ ಪುಳಿಯೋಗರೆಯ ಡಬ್ಬಿ ತೆರೆಯಲಿಲ್ಲ.

ನಾನು ಅವರನ್ನು ಕ್ಷಮಿಸಿಲ್ಲ. ಕ್ಷಮಿಸಿದೆ ಅಂತ ಬರೆದರೆ ಓದುವವರಿಗೆ ಸಮಾಧಾನವಾಗುತ್ತದೆ, ನನಗೆ ಆಗುವುದಿಲ್ಲ. ಈಗಲೂ ಹಬ್ಬಕ್ಕೆ ಸೇರುತ್ತೇವೆ. ಅವರು ನನ್ನ ಎದುರಿಗೇ ಕೂರುತ್ತಾರೆ, ಎಡಗಡೆ ಕೂರುವುದಿಲ್ಲ. ಯಾರಾದರೂ ಮೆಲ್ಲಗೆ ಬಂದು ಅವರಿಗೆ ಮಂಡಿಯೋ ಮಚ್ಚೆಯೋ ತೋರಿಸಲು ಹೋದರೆ, ಅವರು ತಲೆ ತಗ್ಗಿಸಿ, ಇದು ನನಗೆ ಗೊತ್ತಾಗೋದಲ್ಲ, ಅಪಾಯಿಂಟ್‌ಮೆಂಟ್ ತಗೊಳ್ಳಿ ಅನ್ನುತ್ತಾರೆ. ಹೋದ ವಾರ ನನ್ನ ಕೈ ತಗುಲಿ ಒಂದು ಲೋಟ ಬಿತ್ತು. ಯಾರೂ ನಗಲಿಲ್ಲ.